ಮಳೆಗಾಲಕ್ಕೆ ತುಡುವೆ ಜೇನಿನ ಪೆಟ್ಟಿಗೆಗೆ ಎಷ್ಟು ಪಾಕ ಕೊಡಬೇಕು?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಹೋದ ವರ್ಷ ಮೇ ಕೊನೆಗೆ ಆಸೆಗೆ ಬಿದ್ದು ಜೇನುತುಪ್ಪವನ್ನೆಲ್ಲ ತೆಗೆದುಬಿಟ್ಟೆ, ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆಯ ಅಂಚಲ್ಲಿದ್ದದ್ದನ್ನೂ ಬಿಡಲಿಲ್ಲ. ಜುಲೈಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ದಿನ ಪೆಟ್ಟಿಗೆಗೆ ಕಿವಿ ಕೊಟ್ಟರೆ ಸದ್ದಿಲ್ಲ. ಮುಚ್ಚಳ ತೆಗೆದರೆ ಒಂದೇ ಒಂದು ನೊಣ ಇಲ್ಲ, ಎರಿ ತುಂಬ ಬಿಳಿ ಬಲೆ, ಅದರೊಳಗೆ ಮೇಣದ ಹುಳು. ಈಗ ಹೊಸದಾಗಿ ಎರಡು ಕುಟುಂಬ ಕೂರಿಸಿದ್ದೇನೆ. ಪಾಕ ಎಷ್ಟು ಕೊಡಬೇಕು, ಯಾವಾಗ? ಮನೆಯಲ್ಲಿ ಬೆಲ್ಲ ಬೇಕಾದಷ್ಟಿದೆ, ಆಗುತ್ತಾ? ನೆಟ್‌ನಲ್ಲಿ ಹುಡುಕಿದರೆ ಬರೀ ಹಿಮ, ಚಳಿಗಾಲ ಅಂತ ಬರುತ್ತದೆ.

ಹಳೇಪೆಟ್ಟಿಗೆ:
ಬೆಲ್ಲ ಬೇಡ ಮಾರಾಯ್ರೆ. ಬೇಗ ಹುಳಿ ಬರುತ್ತದೆ, ನೊಣಗಳಿಗೆ ಭೇದಿ ಹಿಡಿಯುತ್ತದೆ. ಬಿಳಿ ಸಕ್ಕರೆಯೇ ಆಗಬೇಕು. ಒಂದು ಪೆಟ್ಟಿಗೆಗೆ ವಾರಕ್ಕೆ 200 ಗ್ರಾಂ ಸಕ್ಕರೆ, ಅಷ್ಟೇ ತೂಕದ ನೀರು. ನೀರು ಕುದಿಸಿ ಇಳಿಸಿ, ಆಮೇಲೆ ಸಕ್ಕರೆ ಹಾಕಿ ಕದಡಿ, ಪೂರ್ತಿ ಆರಿದ ಮೇಲೆ ಕೊಡಿ. ನಾನು ಗೆರಟೆಯಲ್ಲಿ ಹಾಕಿ ಮೇಲಿನ ಕೋಣೆಯಲ್ಲಿ ಇಡುತ್ತೇನೆ, ಪಾಕದ ಮೇಲೆ ನಾಲ್ಕು ಒಣ ಕಡ್ಡಿ ತೇಲಬಿಡಬೇಕು, ಇಲ್ಲದಿದ್ದರೆ ಅರ್ಧ ನೊಣ ಅದರಲ್ಲೇ ಮುಳುಗಿ ಸಾಯುತ್ತವೆ.

ಕೊಡುವುದು ಕತ್ತಲಾಗುವ ಹೊತ್ತಿಗೆ, ಎರಡೂ ಪೆಟ್ಟಿಗೆಗೆ ಒಂದೇ ದಿನ. ಹಗಲು ಕೊಟ್ಟು ಹೊರಗೆ ಚೂರು ಚೆಲ್ಲಿದರೂ ಸಾಕು, ಬಲವಾದ ಕುಟುಂಬ ಬಂದು ಬಡಪಾಯಿ ಕುಟುಂಬವನ್ನು ದೋಚುತ್ತದೆ. ಒಮ್ಮೆ ನನ್ನ ಅಂಗಳದಲ್ಲೇ ಆಗಿದೆ, ಸಂಜೆಯೊಳಗೆ ಬಾಗಿಲ ಮುಂದೆ ಸತ್ತ ನೊಣಗಳ ರಾಶಿ.

ಮತ್ತೆ ನೊಣ ಕೂರದ ಖಾಲಿ ಎರಿಗಳನ್ನು ಈಗಲೇ ಹೊರಗೆ ತೆಗೆಯಿರಿ. ನಿಮ್ಮಲ್ಲಿ ಹುಳು ಬಂದು ಜೇನು ಓಡಿದ್ದಲ್ಲ, ಹಸಿವಿಗೆ ನೊಣ ಕಡಿಮೆಯಾಗಿ ಎರಿ ಕಾಯುವವರಿಲ್ಲದೆ ಹುಳು ಬಂದದ್ದು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇದೆ ಅಲ್ವಾ? ಪಾಕ ಇಟ್ಟರೆ ಇರುವೆಗೆ ಮೊದಲು ಗೊತ್ತಾಗುತ್ತದೆ.

ಮಿಷಿಗನ್‌ಮಾವ:
ಹಿಮದ ಮಾತು ಬಂದದ್ದಕ್ಕೆ ನಡುವೆ ಬಾಯಿ ಹಾಕುತ್ತಿದ್ದೇನೆ. ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ನಮ್ಮದು ಯುರೋಪಿನ ಮೆಲ್ಲಿಫೆರಾ ಜಾತಿಯ ಜೇನು. ಚಳಿಗಾಲ ದಾಟಲು ಒಂದೊಂದು ಪೆಟ್ಟಿಗೆಗೆ ಕಡಿಮೆ ಅಂದರೂ 27-30 ಕೆಜಿ ತುಪ್ಪ ಬಿಡಬೇಕು. ಸೆಪ್ಟೆಂಬರಿನಲ್ಲಿ ಪೆಟ್ಟಿಗೆಯ ಹಿಂಬದಿ ಹಿಡಿದು ಎತ್ತಿ ನೋಡುತ್ತೇನೆ, ಸಲೀಸಾಗಿ ಎದ್ದರೆ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಗಟ್ಟಿ ಪಾಕ. ಅದರ ನೀರು ಆರಿಸಿ ಎರಿಯಲ್ಲಿ ತುಂಬಿ ಮುಚ್ಚಲು ಅವಕ್ಕೆ ಹೊತ್ತು ಬೇಕಲ್ಲ, ಅದಕ್ಕೇ ಇಷ್ಟು ಮುಂಚೆ. ಚಳಿ ಬಿದ್ದ ಮೇಲೆ ಪಾಕ ಮುಟ್ಟುವುದಿಲ್ಲ, ಒಟ್ಟಾಗಿ ಉಂಡೆ ಕಟ್ಟಿ ಕೂತುಬಿಡುತ್ತವೆ. ಆಗ ಚೌಕಟ್ಟಿನ ಮೇಲೆ ಪೇಪರ್ ಹಾಸಿ ಒಣ ಸಕ್ಕರೆ ಸುರಿಯುವುದೊಂದೇ ದಾರಿ.

ನಿಮ್ಮ ತುಡುವೆಗೆ ಊಟ ಸಿಗದಿದ್ದರೆ ಗೂಡು ಬಿಟ್ಟು ಹಾರಿಯಾದರೂ ಹೋಗುತ್ತದೆ. ಇವು ಎಲ್ಲಿಗೆ ಹೋಗಬೇಕು? ಮೊದಲ ವರ್ಷ ಮಾರ್ಚಿನಲ್ಲಿ ತೆರೆದು ನೋಡಿದರೆ ಎರಿಯ ಒಂದೊಂದು ಕಣ್ಣಿಗೂ ಒಂದೊಂದು ನೊಣ ತಲೆ ತೂರಿಸಿಕೊಂಡು ಸತ್ತಿತ್ತು, ಬರೀ ಬಾಲ ಕಾಣುತ್ತಿತ್ತು. ಅವತ್ತಿಂದ ಕೊನೆಯ ತುಪ್ಪ ನಾನು ತೆಗೆಯುವುದಿಲ್ಲ.

ತೋಟದಮನೆ:
ಓದಿ ಹೊಟ್ಟೆ ಚುರುಕ್ ಅಂತು. ಸರಿ, ಬೆಲ್ಲ ಬಿಟ್ಟೆ. ಹಾಕಿದ ಪಾಕ ಹಾಗೇ ಉಳಿದರೆ ಏನು ಮಾಡಲಿ?

ಹಳೇಪೆಟ್ಟಿಗೆ:
ಎರಡು ದಿನ ನೋಡಿ, ಆಮೇಲೆ ದೂರ ಎಲ್ಲಾದರೂ ಚೆಲ್ಲಿ, ಹುಳಿ ಬಂದದ್ದು ಬೇಡ. ಮುಂದಿನ ಸಲ ಅರ್ಧ ಹಾಕಿ. ಮಳೆ ಬಿಟ್ಟು ಹೊಳವಾಗಿ ಹೂ ಸಿಕ್ಕಿದರೆ ಪಾಕವನ್ನು ಮೂಸಿಯೂ ನೋಡುವುದಿಲ್ಲ ಅವು. ಮತ್ತೆ ಮಳೆ ಸುರಿಯುವಾಗ ಮಾತ್ರ ಮುಚ್ಚಳ ತೆಗೆಯಲು ಹೋಗಬೇಡಿ.