ರಾಜ್‌ದೂತ್ 350: ಕಾರ್ಬುರೇಟರ್ ಮರಳಿ ಕೂರಿಸಿದ ಮೇಲೆ ಎಡದ ಪ್ಲಗ್ ಬಿಳಿ, ಬಲದ್ದು ಕಪ್ಪು

ಮಂಡಗದ್ದೆಯವನು

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ರಾಜ್‌ದೂತ್ 350 ಬಗ್ಗೆ ಕೇಳುವುದಿದೆ. 1986ರ ಗಾಡಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್. ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗುವುದಿರಲಿ, ಆಗುಂಬೆ ಘಾಟಿ ಇಳಿದು ಉಡುಪಿ ಕಡೆಯ ನೆಂಟರ ಮನೆಗೆ ಹೋಗುವುದಿರಲಿ, ಅವರಿಗೆ ಇದೇ ಬೇಕಿತ್ತು. ಮೊಣಕಾಲು ಕೈಕೊಟ್ಟು ಕಿಕ್ ಹೊಡೆಯುವುದು ಕಷ್ಟವಾದ ಮೇಲೆ ಗಾಡಿ ಕಣದ ಪಕ್ಕದ ಮಾಡಿಗೆ ಸೇರಿತು. ಕಾರ್ಬುರೇಟರ್ ಎರಡನ್ನೂ ಬಿಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು.

ಈಗ ಅವನ್ನು ಇಳಿಸಿ ತೆರೆದರೆ, ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸಿದ ಡ್ರಮ್ಮಿನ ತಳದಲ್ಲಿ ಉಳಿಯುವ ಸುಣ್ಣದ ಹಾಗೆ, ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನಲ್ಲಿ ಬಿಳಿ ಗಸಿ ಹಿಡಿದಿತ್ತು. ಎಲ್ಲ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ತೆಗೆದು ತೊಳೆದು, ಗಾಳಿ ಹೊಡೆಸಿ, ಹೊಸ ಗ್ಯಾಸ್ಕೆಟ್, ಹೊಸ ಫ್ಲೋಟ್ ಸೂಜಿ ಹಾಕಿ ಮರಳಿ ಕೂರಿಸಿದೆ. ಗಾಡಿ ಶುರುವಾಗುತ್ತದೆ, ಅದೇ ಸಂತೋಷ. ಆದರೆ ಬಿಸಿಯಾದ ಮೇಲೆ ಎಕ್ಸಿಲೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ, ತಡವಾಗಿ ಇಳಿಯುತ್ತದೆ. ಎಡದ ಪ್ಲಗ್ ಸುಣ್ಣದಷ್ಟು ಬಿಳಿ. ಬಲದ್ದು ಕಪ್ಪು, ಜಿಡ್ಡು. ಬಲದ ಸೈಲೆನ್ಸರ್ ಹೊಗೆ ತೋಟದ ಸೊಳ್ಳೆಗಳನ್ನೆಲ್ಲ ಓಡಿಸುವಷ್ಟಿದೆ.

ಪೇಟೆಯ ಗ್ಯಾರೇಜೊಂದರಲ್ಲಿ ತೋರಿಸಿದೆ. ಎರಡೂ ಕಾರ್ಬುರೇಟರ್ ಬಿಸಾಡಿ ಒಂದೇ ಹಾಕಿಸಿ, ಆಯಿಲ್ ಪಂಪ್ ಕಿತ್ತು ಪೆಟ್ರೋಲಿಗೇ ಆಯಿಲ್ ಕಲಸಿ ಎಂದರು. ನನಗೆ ಮನಸ್ಸು ಬರಲಿಲ್ಲ. ಎಡಕ್ಕೆ ದೊಡ್ಡ ಮೇನ್ ಜೆಟ್, ಬಲಕ್ಕೆ ಚಿಕ್ಕದು ಹಾಕಿದರೆ ಸರಿಹೋಗುತ್ತದೆಯೇ?

ಹಳೇ ಪಾನಾ, ಕೊಪ್ಪ

ಜೆಟ್ ಮುಟ್ಟಬೇಡಿ ಮಾರಾಯರೇ. ಮೇನ್ ಜೆಟ್ ಕೆಲಸಕ್ಕೆ ಬರುವುದು ಎಕ್ಸಿಲೇಟರ್ ಮುಕ್ಕಾಲು ತೆರೆದ ಮೇಲೆ. ನಡುವಿನಲ್ಲಿ ಸ್ಲೈಡಿನ (ಎಕ್ಸಿಲೇಟರ್ ಜೊತೆ ಏರಿಳಿದು ಗಾಳಿಯ ದಾರಿ ತೆರೆಯುವ ತುಂಡು) ಸೂಜಿ, ಐಡ್ಲಿಂಗಿನಲ್ಲಿ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ನಿಮ್ಮ ತೊಂದರೆ ಕಾಣುತ್ತಿರುವುದು ಎಕ್ಸಿಲೇಟರ್ ಬಿಟ್ಟಾಗ. ಒಂದೇ ಇಂಜಿನ್ನಿನ ಎರಡು ಸಿಲಿಂಡರಿಗೆ ಎರಡು ಅಳತೆಯ ಜೆಟ್ ಹಾಕಿಸುವವರ ಹತ್ತಿರ ಗಾಡಿ ಬಿಡಬೇಡಿ, ಒಂದೇ ಕಾರ್ಬುರೇಟರ್ ಹಾಕಿಸುವವರ ಹತ್ತಿರ ಇನ್ನೂ ಬಿಡಬೇಡಿ. 347 ಸಿಸಿಗೆ, ಈ ಗಾಡಿಯ ಮೂಲ ವಿನ್ಯಾಸ ಮಾಡಿದ ಯಮಹಾದವರು ಎರಡು ಕೊಟ್ಟಿದ್ದು ಚಂದಕ್ಕಲ್ಲ.

ಬಿಸಿಯಾದಾಗ ಕೂಗು ಇಳಿಯುವುದಿಲ್ಲ, ಪ್ಲಗ್ ಬಿಳಿ ಎಂದರೆ ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿದೆ. ಮೊದಲು ಕಾರ್ಬುರೇಟರನ್ನು ಇಂಜಿನ್ನಿಗೆ ಸೇರಿಸುವ ರಬ್ಬರ್ ಮ್ಯಾನಿಫೋಲ್ಡ್ ನೋಡಿ. ಇಷ್ಟು ವರ್ಷದ ರಬ್ಬರ್ ಕಲ್ಲಾಗಿರುತ್ತದೆ. ಕ್ಲಿಪ್ ಕೂರುವ ಜಾಗದಲ್ಲಿ ಬೆರಳಿನಿಂದ ಅಗಲಿಸಿದರೆ ಮಾತ್ರ ಬಿರುಕು ಕಣ್ಣಿಗೆ ಬೀಳುತ್ತದೆ. ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಗಾಡಿ ಐಡ್ಲಿಂಗಿನಲ್ಲಿರುವಾಗ ಮ್ಯಾನಿಫೋಲ್ಡ್ ಸುತ್ತ ಸಿಂಪಡಿಸಿ. ಬಿರುಕಿನ ಮೇಲೆ ನೀರು ಬಿದ್ದ ಕ್ಷಣಕ್ಕೆ ಸದ್ದು ಬದಲಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲ್ ಸಿಂಪಡಿಸುತ್ತಾರೆ, ಅಂಥವರಿಗೆ ಹುಬ್ಬಿನ ಮೇಲೆ ಆಸೆ ಇಲ್ಲ.

ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಮೆತ್ತಗಾದ ಮೇಲೆ ಕಾರ್ಬುರೇಟರ್ ಒತ್ತಿ ಕೂರಿಸಿ, ಆಮೇಲೆ ಕ್ಲಿಪ್ ಬಿಗಿ ಮಾಡಿ. ನೆಟ್ಟಗೆ ನಿಂತಿರಬೇಕು, ಓರೆಯಾದರೆ ಫ್ಲೋಟ್ ಮಟ್ಟ ತಪ್ಪಿ ಪೆಟ್ರೋಲ್ ಉಕ್ಕುತ್ತದೆ. ಸ್ಲೈಡಿನ ಕೆಳಗೆ ಓರೆಯಾಗಿ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗೇ ಬರಬೇಕು. ಎಡದ ಸ್ಲೈಡ್ ಎಡಕ್ಕೆ, ಬಲದ್ದು ಬಲಕ್ಕೆ. ಅವು ತಮ್ಮ ತಮ್ಮ ಮನೆಯಲ್ಲೇ ಸವೆದಿರುತ್ತವೆ.

ಇನ್ನು ಎರಡನ್ನೂ ಸಮ ಮಾಡುವುದು. ಇದಕ್ಕೆ ಮೀಟರ್ ಬೇಡ, ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ಸಾಕು. ಇಂಜಿನ್ ಆಫ್ ಇರಲಿ, ಏರ್ ಫಿಲ್ಟರ್ ಕಡೆಯ ರಬ್ಬರ್ ತೆಗೆದಿರಲಿ. ಗ್ರಿಪ್ ತಿರುಗಿಸಿ ಸ್ಲೈಡ್ ಎತ್ತಿ, ಎರಡರ ಅಡಿಗೂ ಬಿಟ್ಟಿನ ನಯವಾದ ಹಿಂಬದಿಯನ್ನು ಇಟ್ಟು ಬಿಡಿ. ಸ್ಲೈಡ್ ಅದನ್ನು ಕಚ್ಚಿ ಹಿಡಿಯುತ್ತದೆ. ಈಗ ಗ್ರಿಪ್ಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಬನ್ನಿ. ಎರಡು ಬಿಟ್ಟೂ ಒಟ್ಟಿಗೆ ಜೋತು ಬೀಳಬೇಕು. ಒಂದು ಮೊದಲು ಬಿದ್ದರೆ ಇನ್ನೊಂದರ ಕೇಬಲ್ ಸಡಿಲವಿದೆ, ಕಾರ್ಬುರೇಟರಿನ ತಲೆಯ ಮೇಲಿನ ಅಡ್ಜಸ್ಟರಿನಲ್ಲಿ ಸರಿ ಮಾಡಿ. ನಾನು ಇದನ್ನು ಬೆಳಗ್ಗೆ ಕಾಫಿಗೆ ಮುಂಚೆ ಮಾಡುತ್ತೇನೆ, ಅಂಗಳದಲ್ಲಿ ಸದ್ದಿರುವುದಿಲ್ಲ, ಬಿಟ್ ಬಿದ್ದದ್ದು ಕಿವಿಗೇ ಕೇಳುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಗ್ರಿಪ್ಪಿನಿಂದ ಬರುವ ಕೇಬಲ್ ಕವಲೊಡೆದು ಎರಡು ಕಾರ್ಬುರೇಟರಿಗೆ, ಒಂದು ಆಯಿಲ್ ಪಂಪಿಗೆ ಹೋಗುತ್ತದೆ. ಕಾರ್ಬುರೇಟರ್ ಕೇಬಲ್ ಮುಟ್ಟಿದ ಮೇಲೆ ಪಂಪಿನ ರಾಟೆಯ ಗುರುತನ್ನು ಮತ್ತೆ ಹೊಂದಿಸಲೇಬೇಕು. ಇಲ್ಲವಾದರೆ ಪೆಟ್ರೋಲ್ ಹೆಚ್ಚಿದಂತೆ ಆಯಿಲ್ ಹೆಚ್ಚುವುದಿಲ್ಲ, ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಕಪ್ಪು ರೋಡ್‌ಕಿಂಗ್

ಆಯಿಲ್ ಕಲಸುವುದನ್ನು ಎಲ್ಲರೂ ಯಾಕೆ ಇಷ್ಟು ಹೀಯಾಳಿಸುತ್ತೀರಿ? ಮೈಸೂರಿನ ಐಡಿಯಲ್ ಜಾವಾ ಗಾಡಿಗಳು ಬದುಕೆಲ್ಲ ಕಲಸಿದ ಪೆಟ್ರೋಲ್ ಕುಡಿದೇ ಓಡಿವೆ. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ನನ್ನ ಯೆಜ್ಡಿ ಇನ್ನೂ ಕುದುರೆಮುಖ ರಸ್ತೆ ಹತ್ತುತ್ತದೆ.

ಹಳೇ ಪಾನಾ, ಕೊಪ್ಪ

ಯೆಜ್ಡಿಗೆ ಪಂಪ್ ಇರಲಿಲ್ಲ, ಹಾಗಾಗಿ ಕಲಸಿದರು. ಇವರ ಗಾಡಿಗೆ ಇದೆ. ಇರುವುದನ್ನು ಕಿತ್ತು ಇಲ್ಲದವರ ಹಾಗೆ ಬದುಕುವುದು ಯಾಕೆ?

ಸಾಗರದಿಂದ

ಪಾನಾ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಪ್ರಶ್ನೆಯಲ್ಲಿ ಒಂದು ಮಾತು ನನಗೆ ಬೇರೆ ಅನುಮಾನ ತರಿಸಿತು. ಎಡ ಬಿಳಿ, ಬಲ ಕಪ್ಪು. ಈ ಇಂಜಿನ್ನಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಎಡ ತುದಿಗೆ ಜನರೇಟರ್ ಮತ್ತು ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್), ಬಲ ತುದಿಗೆ ಕ್ಲಚ್ ಮತ್ತು ಗೇರ್ ಆಯಿಲ್. ವರ್ಷಗಟ್ಟಲೆ ನಿಂತ ಗಾಡಿಯ ಕ್ರ್ಯಾಂಕ್ ಆಯಿಲ್ ಸೀಲುಗಳು ಗಡಸಾಗುತ್ತವೆ. ಎಡದ ಸೀಲ್ ಹೋದರೆ ಒಳಗೆ ಗಾಳಿ ಎಳೆಯುತ್ತದೆ, ಪ್ಲಗ್ ಬಿಳಿ. ಬಲದ ಸೀಲ್ ಹೋದರೆ ಗೇರ್ ಆಯಿಲ್ ಎಳೆದು ಸುಡುತ್ತದೆ, ಹೊಗೆ. ನಿಮ್ಮ ವಿವರಣೆ ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ.

ಗೇರ್ ಆಯಿಲ್ ಮಟ್ಟ ನೋಡಿ. ನೆಲದ ಮೇಲೆ ಒಂದು ಹನಿಯೂ ಬೀಳದೆ ಮಟ್ಟ ಇಳಿಯುತ್ತಿದ್ದರೆ ಬೇರೆ ಪುರಾವೆ ಬೇಡ. ಜೊತೆಗೆ ಪಾಯಿಂಟ್ ಕೂಡ ನೋಡಿ. ಎರಡು ಸಿಲಿಂಡರಿಗೂ ಬೇರೆ ಬೇರೆ ಪಾಯಿಂಟ್, ಬೇರೆ ಬೇರೆ ಕಂಡೆನ್ಸರ್. ಒಂದು ಹಿಂದೆ ಬಿದ್ದರೂ ಬೈಗುಳ ಬೀಳುವುದು ಕಾರ್ಬುರೇಟರಿಗೆ.

ಇನ್ನೊಂದು ವಿಷಯ: ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತೇವ ಹೀರುತ್ತದೆ, ನಮ್ಮ ಕಡೆ ಜೂನ್‌ನಿಂದ ತೇವಕ್ಕೇನು ಕೊರತೆ? ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ ಬೌಲಿನ ಪೆಟ್ರೋಲ್ ಪೂರ್ತಿ ಇಳಿಸಿಬಿಡಿ. ನಿಮಗೆ ಸಿಕ್ಕ ಬಿಳಿ ಗಸಿ ಆಗ ಕಟ್ಟುವುದಿಲ್ಲ.

ಮಂಡಗದ್ದೆಯವನು

ಇಬ್ಬರಿಗೂ ಧನ್ಯವಾದ. ಎಡದ ರಬ್ಬರಿನಲ್ಲಿ ಬಿರುಕು ಸಿಕ್ಕಿತು, ಕ್ಲಿಪ್ಪಿನ ಅಡಿಯಲ್ಲೇ, ನೀರು ಬಿದ್ದೊಡನೆ ಐಡ್ಲಿಂಗ್ ತಗ್ಗಿತು. ಎರಡೂ ರಬ್ಬರ್ ಹೊಸದು ಹಾಕಿದೆ. ಡ್ರಿಲ್ ಬಿಟ್ ಪರೀಕ್ಷೆಯಲ್ಲಿ ಬಲದ್ದು ಮೊದಲು ಬಿತ್ತು, ಸರಿ ಮಾಡಿದೆ, ಪಂಪಿನ ಗುರುತನ್ನೂ ಹೊಂದಿಸಿದೆ. ಈಗ ಎಕ್ಸಿಲೇಟರ್ ಬಿಟ್ಟರೆ ಇಂಜಿನ್ ತಕ್ಷಣ ಇಳಿಯುತ್ತದೆ. ಎಡದ ಪ್ಲಗ್ಗಿಗೆ ಕಂದು ಬಣ್ಣ ಬಂದಿದೆ. ದೊಡ್ಡಪ್ಪ ಜಗುಲಿಯಲ್ಲಿ ಕುಳಿತೇ ಸದ್ದು ಕೇಳಿ "ಈಗ ಎರಡೂ ಹೊಡೆಯುತ್ತಿದೆ" ಎಂದರು.

ಆದರೆ ಬಲದ ಹೊಗೆ ಹೋಗಿಲ್ಲ. ಗೇರ್ ಆಯಿಲ್ ಮಟ್ಟಕ್ಕೆ ಹಾಕಿದ್ದೆ, ಇಳಿದಿದೆ. ನೆಲ ಒಣಗಿದೆ. ಸಾಗರದವರು ಹೇಳಿದ್ದೇ ನಿಜ ಎನಿಸುತ್ತದೆ. ಕೊಯ್ಲು ಮುಗಿಯುವ ತನಕ ನಿಧಾನವಾಗಿ ಓಡಿಸಬಹುದೇ?

ಹಳೇ ಪಾನಾ, ಕೊಪ್ಪ

ಸಾಗರದವರು ಬಲದ ಸೀಲ್ ಹಿಡಿದುಕೊಟ್ಟರು, ಶಭಾಷ್. ಓಡಿಸಬೇಡಿ. ಬಲ ಹೋಗಿದ್ದರೆ ಎಡದ್ದೂ ಅದೇ ವಯಸ್ಸಿನದು, ಇವತ್ತಲ್ಲ ನಾಳೆ ಹೋಗುತ್ತದೆ. ಗೇರ್ ಆಯಿಲ್ ಸುಟ್ಟರೆ ಹೊಗೆ ಅಷ್ಟೇ, ಎಡದಲ್ಲಿ ಗಾಳಿ ಎಳೆದರೆ ಪಿಸ್ಟನ್ ತೂತಾಗುತ್ತದೆ. ಸರಿಯಾಗಿ ಮಾಡಬೇಕಾದರೆ ಇಂಜಿನ್ನಿನ ಕೇಸ್ ಬಿಚ್ಚಬೇಕು. ಮೇಲರ್ಧ ಕೆಳಗರ್ಧವಾಗಿ ಬಿಚ್ಚುತ್ತದೆ, ಹೆದರುವಂಥದ್ದಲ್ಲ. ಎರಡೂ ಸೀಲ್ ಒಟ್ಟಿಗೆ ಬದಲಿಸಿ, ಹೇಗೂ ತೆರೆದಿದ್ದೀರಿ ಎಂದು ಕನೆಕ್ಟಿಂಗ್ ರಾಡಿನ ಸಡಿಲವನ್ನೂ ನೋಡಿ. ಕ್ರ್ಯಾಂಕ್ ಒತ್ತಿ ಕೂಡಿಸುವ ಕೆಲಸ ಬಂದರೆ ಪ್ರೆಸ್ ಇರುವ, ಡಯಲ್ ಗೇಜ್ ಇಟ್ಟು ನೇರವಿದೆಯೇ ಎಂದು ನೋಡುವ ಲೇತ್‌ನವರಿಗೇ ಕೊಡಿ. ಸುತ್ತಿಗೆಯವರಿಗೆ ಬೇಡ.

ಜೋಡಿಸಿದ ಮೇಲೆ ಪಂಪಿನ ಗಾಳಿ ತೆಗೆಯಿರಿ. ಪೈಪಿನಲ್ಲಿ ಗುಳ್ಳೆ ಕಾಣಬಾರದು. ಮೊದಲ ಟ್ಯಾಂಕಿಗೆ ಮಾತ್ರ ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್ ಕಲಸಿ, ಪಂಪ್ ಹಿಡಿಯುವ ತನಕ ಧೈರ್ಯಕ್ಕೆ. ಯೆಜ್ಡಿಯವರು ನಗಲಿ.

ಆಮೇಲೆ ದೊಡ್ಡಪ್ಪನನ್ನು ಹಿಂದೆ ಕೂರಿಸಿಕೊಂಡು ಆಗುಂಬೆ ಇಳಿಯುವುದಾದರೆ, ಎಕ್ಸಿಲೇಟರ್ ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ 14 ತಿರುವೂ ಇಳಿಯಬೇಡಿ. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪಂಪ್ ಮಾತ್ರ ಗ್ರಿಪ್ ಮುಚ್ಚಿದೆ ಎಂದು ಆಯಿಲ್ ಕಡಿಮೆ ಕೊಡುತ್ತದೆ. ಆಗಾಗ ಸ್ವಲ್ಪ ತೆರೆದು ಬಿಡುತ್ತ ಇಳಿಯಿರಿ. ಈ ವಿಷಯ ನಿಮ್ಮ ದೊಡ್ಡಪ್ಪನಿಗೆ ಗೊತ್ತೇ ಇರುತ್ತದೆ, ಕೇಳಿ ನೋಡಿ.