ಸಹಾಯ ಬೇಕು: ಮಟ್‌ನಲ್ಲಿ ಬರೆದ ಕನ್ನಡ ಇಮೇಲ್‌ನ ಸಾಲುಗಳು ತುಂಡಾಗುತ್ತಿವೆ

ಎಲ್ಲರಿಗೂ ನಮಸ್ಕಾರ. ಟರ್ಮಿನಲ್‌ನಲ್ಲೇ (ಆಜ್ಞೆಗಳನ್ನು ಟೈಪ್ ಮಾಡುವ ಬರಿ ಅಕ್ಷರಗಳ ಕಿಟಕಿಯಲ್ಲೇ) ನಡೆಯುವ ಮಟ್ ಎಂಬ ಮೇಲ್ ಪ್ರೋಗ್ರಾಂ ಅನ್ನು ನಾನು ಕೆಲವು ತಿಂಗಳುಗಳಿಂದ ಬಳಸುತ್ತಿದ್ದೇನೆ. 'ಎಂ' ಒತ್ತಿ, ವಿಳಾಸವನ್ನೂ ವಿಷಯವನ್ನೂ ಕೊಟ್ಟ ಕೂಡಲೇ, ಪಠ್ಯ ಬರೆಯುವ ಪ್ರೋಗ್ರಾಂ ಆದ ವಿಮ್ ತೆರೆದುಕೊಳ್ಳುತ್ತದೆ. ಬರೆದು ಉಳಿಸಿ ಹೊರಬಂದು 'ವೈ' ಒತ್ತಿದರೆ ಪತ್ರ ಹೋಗುತ್ತದೆ. ಇಂಗ್ಲಿಷ್ ಪತ್ರಗಳಲ್ಲಿ ಯಾವ ತೊಂದರೆಯೂ ಇಲ್ಲ.

ಕನ್ನಡದಲ್ಲಿ ಬರೆದಾಗ ಮಾತ್ರ ಎರಡು ಸಮಸ್ಯೆಗಳು ಎದುರಾಗುತ್ತಿವೆ. ಮೇಲ್ ಕಡತಗಳಿಗೆ ವಿಮ್ ತಾನಾಗಿಯೇ 72 ಅಂಕಣಗಳ (ಒಂದು ಅಂಕಣವೆಂದರೆ ಒಂದು ಇಂಗ್ಲಿಷ್ ಅಕ್ಷರದಷ್ಟು ಅಗಲ) ಮಿತಿ ಹಾಕಿ ಸಾಲು ಮುರಿಯುವುದರಿಂದ, ನನ್ನ ಪತ್ರವನ್ನು ಮೊಬೈಲಿನಲ್ಲಿ ಓದುವವರಿಗೆ ಒಂದು ಉದ್ದ ಸಾಲು, ಅದರ ಕೆಳಗೆ ಒಂದೆರಡೇ ಪದಗಳ ತುಂಡು ಸಾಲು, ಹೀಗೆ ಕಾಣುತ್ತದೆ. ನಮ್ಮ ಅಕ್ಕ ಇದನ್ನು ಕವನವೆಂದೇ ತಿಳಿದಿದ್ದರು. ಮುರಿದ ಸಾಲುಗಳನ್ನು ಓದುವವರ ಪ್ರೋಗ್ರಾಂ ಮತ್ತೆ ಜೋಡಿಸಿಕೊಳ್ಳಲಿ ಎಂದು ಮಟ್‌ನಲ್ಲಿ 'ಟೆಕ್ಸ್ಟ್ ಫ್ಲೋಡ್' ಆಯ್ಕೆಯನ್ನು ಹಾಕಿದ್ದೇನೆ, ಆದರೆ ಮುಂದುವರಿಯುವ ಪ್ರತಿ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆ ಜಾಗವನ್ನು ವಿಮ್ ತಾನೇ ಉಳಿಸುವಂತೆ ಮಾಡುವುದು ಹೇಗೆ? ಅಥವಾ ಮಿತಿಯನ್ನೇ ತೆಗೆದುಹಾಕಿ, ಪ್ರತಿ ಪ್ಯಾರಾವನ್ನು ಒಂದೇ ಸಾಲಾಗಿ ಕಳುಹಿಸುವುದು ಲೇಸೇ?

ಎರಡನೆಯದು ಒತ್ತಕ್ಷರಗಳದ್ದು. 'ಕ್ಷ' ಕಣ್ಣಿಗೆ ಒಂದೇ ಅಕ್ಷರ, ಟರ್ಮಿನಲ್‌ನ ಲೆಕ್ಕದಲ್ಲಿ ಎರಡು ಅಂಕಣ. ಹೀಗಾಗಿ 'ಅಧ್ಯಕ್ಷ' ಎಂದು ತಿದ್ದಲು ಹೋದರೆ ಕರ್ಸರ್ ಒಂದು ಕಡೆ, ಅಳಿಯುವ ಅಕ್ಷರ ಇನ್ನೊಂದು ಕಡೆ. ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಸಂಕೇತ ಪದ್ಧತಿ) ಎಲ್ಲೆಡೆ ಯುಟಿಎಫ್-8 ಇದೆ, ವಿಷಯದ ಸಾಲೂ ಸರಿಯಾಗಿಯೇ ತಲುಪುತ್ತಿದೆ. ಕನ್ನಡವನ್ನು ಸರಿಯಾಗಿ ತೋರಿಸುವ ಟರ್ಮಿನಲ್ ಯಾವುದನ್ನಾದರೂ ತಾವು ದಿನವೂ ಬಳಸುತ್ತಿದ್ದರೆ, ಅದರ ಹೆಸರನ್ನೂ ಫಾಂಟಿನ ಹೆಸರನ್ನೂ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.