ತಕ್ಕಡಿಯ ಸಿಟ್ಟನ್ನು ತಾಟಿನ ಮೇಲೆ ತೀರಿಸಬೇಡ

ಮಗಳೇ, ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ನಮ್ಮ ಮನೆಯವರ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಇಂದು ಬೆಳಿಗ್ಗೆ ಪೂಜೆ ಮುಗಿಸಿ ಕನ್ನಡಕ ಹಾಕಿಕೊಂಡ ಮೇಲೆ ನೋಡಿದೆ. ‘ದೊಡ್ಡವ್ವ, ಐದು ತಿಂಗಳದಾಗ 86 ಕಿಲೋದಿಂದ 76ಕ್ಕ ಬಂದೆ. ಈಗ ಆರು ವಾರ ಆತು, ಮಷಿನ್ನಿನ ಮುಳ್ಳು ಅಲ್ಲಾಡವಲ್ದು. ಏನ್ ಮಾಡ್ಲಿ? ಇವತ್ತಿನಿಂದ ರಾತ್ರಿ ಊಟಾನೂ ಬಿಡ್ತೀನಿ, ಅದಕ್ಕೂ ಇಳೀಲಿಲ್ಲಂದ್ರ ಎಲ್ಲಾ ಬಿಟ್ಟು ಸುಮ್ಮನ ಕೂಡ್ತೀನಿ’ ಎಂದು ಬರೆದಿರುವೆ. ಅದರ ಕೆಳಗೆ ನಿನ್ನ ಮಾಮಾ ಎರಡು ಹೆಬ್ಬೆರಳು ಹಾಕಿದ್ದಾನೆ. ಊಟ ಬಿಡುವುದಕ್ಕೆ ಹಾಕಿದನೋ, ಎಲ್ಲ ಬಿಟ್ಟು ಕೂಡುವುದಕ್ಕೆ ಹಾಕಿದನೋ, ಅದು ಅವನಿಗೇ ಗೊತ್ತು.

ಧ್ವನಿ ಸಂದೇಶ ಕಳಿಸಿದರೆ ನಿಮ್ಮಲ್ಲಿ ಯಾರೂ ಕೊನೆಯವರೆಗೆ ಕೇಳುವುದಿಲ್ಲವೆಂದು ಕುಳಿತು ಬರೆಯುತ್ತಿದ್ದೇನೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳ ಬರವಣಿಗೆ ಹೀಗೆಯೇ ಇರುತ್ತದೆ, ಸಹಿಸಿಕೊಳ್ಳಿ. ಮೊದಲ ಮಾತು ಇದು: ತಕ್ಕಡಿಯ ಮೇಲಿನ ಸಿಟ್ಟನ್ನು ತಾಟಿನ ಮೇಲೆ ತೀರಿಸಬೇಡ. ನಾನು ಹಾಗೆ ತೀರಿಸಲು ಹೋಗಿ ಪಿತ್ತಕೋಶವನ್ನೇ ಕಳೆದುಕೊಂಡವಳು. ನನ್ನ ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಗಾಯದ ಗುರುತುಗಳಿರುವುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಅವು ಬಂದ ಬಗೆಯನ್ನು ಮಾತ್ರ ನಾಚಿಕೆಯಿಂದ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಗದಗಿನ ಅಕ್ಕನ ಮಗನ ಮದುವೆಯಾದ ವರ್ಷ, ಅಂದರೆ 2003. ಆ ಮದುವೆಗೆಂದೇ ನಾನು ಸಂಕ್ರಾಂತಿಯಿಂದ ತೂಕ ಇಳಿಸಲು ತೊಡಗಿದ್ದೆ. ದಿನವೂ ನಸುಕಿನಲ್ಲಿ ಕೆಲಗೇರಿ ಕೆರೆಯತನಕ ನಡೆದು ಬರುವುದು, ಸಂಜೆಯ ಮಿರ್ಚಿ ಬಜಿ, ಗಿರ್ಮಿಟ್ಟುಗಳನ್ನು ಬಿಡುವುದು, ಇಷ್ಟೇ ನನ್ನ ಪಥ್ಯ. ಅಷ್ಟರಿಂದಲೇ 84 ಇದ್ದವಳು 78ಕ್ಕೆ ಬಂದೆ. ಆಗ ಮನೆಯಲ್ಲಿ ತೂಕದ ಮಷಿನ್ ಇರಲಿಲ್ಲ. ಧಾರವಾಡದ ರೈಲು ನಿಲ್ದಾಣದಲ್ಲಿ ಬಣ್ಣದ ದೀಪಗಳ ಯಂತ್ರದ ಮೇಲೆ ನಿಂತು ನಾಣ್ಯ ಹಾಕಿದರೆ ದಪ್ಪ ಕಾಗದದ ಚೀಟಿ ಬೀಳುತ್ತಿತ್ತು, ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಐದು ಸೋಮವಾರ ಬಿಡದೆ ಹೋದೆ, ಐದು ಸಲವೂ 78 ಎಂದೇ ಬಂದಿತು. ಭವಿಷ್ಯ ಮಾತ್ರ ಪ್ರತಿ ಸಲ ಬೇರೆಯಾಗಿತ್ತು. ಐದನೆಯ ಚೀಟಿಯನ್ನು ಅಲ್ಲಿಯೇ ಹರಿದು ಹಳಿಯ ಮೇಲೆ ಎಸೆದು ಬಂದೆ.

ಅಂದಿನಿಂದ ಬೆಳಿಗ್ಗೆ ಒಂದು ಲೋಟ ನೀರು ಮಜ್ಜಿಗೆ, ಮಧ್ಯಾಹ್ನ ಒಂದು ಬಟ್ಟಲು ಗಂಜಿ, ರಾತ್ರಿ ಏನೂ ಇಲ್ಲ. ಎಣ್ಣೆ, ತುಪ್ಪ, ಶೇಂಗಾ ಯಾವುದನ್ನೂ ಮುಟ್ಟಲಿಲ್ಲ. ಐದು ವಾರಗಳಲ್ಲಿ 70ಕ್ಕೆ ಇಳಿದೆ. ತರಗತಿಯಲ್ಲಿ ಮೇಜು ಹಿಡಿದುಕೊಂಡು ಪಾಠ ಹೇಳುತ್ತಿದ್ದೆ, ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬರುತ್ತಿತ್ತು, ಆದರೂ ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮದುವೆಯ ದಿನ ಊಟದ ಪಂಕ್ತಿಯಲ್ಲಿ ನಿನ್ನ ಮಾಮಾ, ಅಂದರೆ ನನ್ನ ಪ್ರೀತಿಯ ತಮ್ಮ, ‘ಒಂದು ಹೋಳಿಗಿಗೆ ಏನಾಗ್ತದ ಅಕ್ಕಾ’ ಎಂದು ಎರಡು ಹೋಳಿಗೆ ಬಡಿಸಿ, ಮೇಲೆ ತುಪ್ಪದ ತಂಬಿಗೆಯನ್ನೇ ಬಗ್ಗಿಸಿದ. ಐದು ವಾರದ ಹಸಿವೆ, ತಿಂದುಬಿಟ್ಟೆ. ಅಕ್ಷತೆಯ ಸೀರೆಯಲ್ಲಿದ್ದಂತೆಯೇ ಬಲಗಡೆಯ ಪಕ್ಕೆಲುಬಿನ ಕೆಳಗೆ ಶುರುವಾದ ನೋವು ಬೆನ್ನಿಗೆ, ಬಲ ಹೆಗಲಿಗೆ ಏರಿತು. ಹೆರಿಗೆಯ ನೋವನ್ನು ಎರಡು ಸಲ ಕಂಡವಳು ಹೇಳುತ್ತೇನೆ, ಅದಕ್ಕೆ ಇದು ಕಡಿಮೆಯಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ ಪಿತ್ತಕೋಶದ ತುಂಬ ಹರಳು. ಡಾಕ್ಟರರು ಕೇಳಿದ ಮೊದಲ ಪ್ರಶ್ನೆಯೇ, ‘ಇತ್ತೀಚೆಗೆ ಉಪವಾಸ ಮಾಡಿ ತೂಕ ಇಳಿಸಿದ್ದೀರೇನ್ರೀ?’ ಎಂಬುದಾಗಿತ್ತು. ಊಟದಲ್ಲಿ ಜಿಡ್ಡು ಬಂದಾಗ ಆ ಚೀಲ ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಬಿಡುತ್ತದೆಯಂತೆ. ಜಿಡ್ಡೇ ಬರದಿದ್ದರೆ ರಸ ಒಳಗೇ ನಿಲ್ಲುತ್ತದೆ, ಇತ್ತ ಮೈಯ ಕೊಬ್ಬು ಭರದಿಂದ ಕರಗುವಾಗ ಯಕೃತ್ತು ಅದೇ ರಸಕ್ಕೆ ಹೆಚ್ಚು ಕೊಲೆಸ್ಟರಾಲನ್ನು ಸುರಿಯುತ್ತದೆ, ನಿಂತ ರಸದಲ್ಲಿ ಅದು ಹರಳುಗಟ್ಟುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿಯುವವರಿಗೆ ಈ ಅಪಾಯ ಹೆಚ್ಚು. ಚೀಲವನ್ನೇ ತೆಗೆದರು. ಅದಾಗಿ ಎರಡು ತಿಂಗಳಿಗೆ ತಲೆಕೂದಲು ಹಣಿಗೆಯ ತುಂಬ ಬರತೊಡಗಿತು. ಒಂದು ವರ್ಷ ತುಂಬುವುದರೊಳಗೆ ನಾನು 81 ಆಗಿದ್ದೆ. ಕಳೆದುಕೊಂಡದ್ದರಲ್ಲಿ ಮಾಂಸಖಂಡವೂ ಸೇರಿತ್ತು, ಮರಳಿ ಬಂದದ್ದು ಹೆಚ್ಚಾಗಿ ಕೊಬ್ಬು.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ನಿನ್ನ ಅವ್ವನೂ ಓದಲಿ: ತಕ್ಕಡಿಯ ಸಿಟ್ಟನ್ನು ತಾಟಿನ ಮೇಲೆ ತೀರಿಸಬೇಡ. ಮುಳ್ಳು ನಿಂತಿರುವುದು ನಿನ್ನ ಸೋಮಾರಿತನದಿಂದಲ್ಲ. ಮೊದಮೊದಲು ಸರಸರನೆ ಇಳಿದದ್ದರಲ್ಲಿ ಒಂದಷ್ಟು ನೀರೂ ಇತ್ತು. ಆಮೇಲೆ, ಹತ್ತು ಕಿಲೋ ಜೋಳದ ಚೀಲ ಹೊತ್ತು ಉಣಕಲ್ ಕೆರೆ ಸುತ್ತುವುದಕ್ಕೂ ಬರಿಗೈಯಲ್ಲಿ ಸುತ್ತುವುದಕ್ಕೂ ವ್ಯತ್ಯಾಸವಿಲ್ಲವೇ? ಆ ಚೀಲವನ್ನು ನೀನು ಇಳಿಸಿರುವೆ. ಅದೇ ನಡಿಗೆಗೆ ಈಗ ಶಕ್ತಿಯ ಖರ್ಚು ಕಡಿಮೆ, ಮಲಗಿದ್ದಾಗಲೂ ಹಗುರಾದ ಮೈಗೆ ಕಡಿಮೆ ಖರ್ಚು. ಇದರ ಮೇಲೆ ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ಇಳಿದು ಹಸಿವೆ ಏರುತ್ತದೆ, ನಮಗೇ ತಿಳಿಯದಂತೆ ಬಡಿಸಿಕೊಳ್ಳುವ ಕೈ ಸಡಿಲಾಗುತ್ತದೆ. ಐದು ತಿಂಗಳ ಹಿಂದೆ ತೂಕ ಇಳಿಸಿದ ಊಟವೇ ಇಂದು ಮೈಯ ಖರ್ಚಿಗೆ ಸಮಸಮ ಆಗಿಬಿಟ್ಟಿದೆ, ಅಷ್ಟೇ.

ಇದನ್ನು ನನಗೆ ಆಗ ಹೇಳುವವರು ಒಬ್ಬರೂ ಇರಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕುಳಿತು ಪೇಡೆ ತಿನ್ನುತ್ತ ‘ಊಟ ಬಿಟ್ಟರ ಹಿಂಗ ಆಗೂದು’ ಎಂದವರು ಬೇಕಾದಷ್ಟು ಜನರಿದ್ದರು. ಅವರೇ ಒಂದು ತಿಂಗಳ ಹಿಂದೆ ‘ಭಾಳ ಛಂದ ಆಗೀರಿ’ ಎಂದಿದ್ದರು. ಈ ಮನೆತನದಲ್ಲಿ ದಪ್ಪಗಿದ್ದರೆ ‘ಎಷ್ಟು ತಿಂತಾಳ’, ಇಳಿದರೆ ‘ಯಾಕ ಸೊರಗೀದಿ, ಜಡ್ಡೇನು?’, ನಡುವೆ ನಿಂತರೆ ‘ಏನೂ ಫರಕ್ ಕಾಣವಲ್ದು’. ಇನ್ನೊಂದನ್ನೂ ಇಂದು ಹೇಳಿಯೇ ಬಿಡುತ್ತೇನೆ. 2008ರಲ್ಲಿ ನಿನ್ನ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಇಡೀ ಮನೆಯ ಅಡುಗೆ ಬದಲಾಯಿತು. ಅನ್ನ ಕಡಿಮೆಯಾಯಿತು, ಕಾಳು ಹೆಚ್ಚಾಯಿತು, ಮಕ್ಕಳೂ ಮಾತಾಡದೆ ತಿಂದರು. 2003ರಲ್ಲಿ ನಾನು ಇಳಿಸಲು ಹೊರಟಾಗ ಎಲ್ಲರಿಗೂ ಎಂದಿನಂತೆ ಒಗ್ಗರಣೆ ಹಾಕಿ, ರೊಟ್ಟಿ ಬಡಿದು, ಅವರೆಲ್ಲರ ತಾಟಿಗೆ ಬಡಿಸಿ, ಕೊನೆಗೆ ನನ್ನ ಗಂಜಿಯನ್ನು ನಾನೊಬ್ಬಳೇ ಅಡುಗೆಮನೆಯಲ್ಲಿ ನಿಂತು ಕುಡಿಯುತ್ತಿದ್ದೆ. ನಿನ್ನ ದೊಡ್ಡಪ್ಪ ಕೆಟ್ಟವರಲ್ಲ, ಅವರಿಗೆ ಹೊಳೆಯಲಿಲ್ಲ. ಆದರೆ ಹೆಂಗಸಿನ ತೂಕವೆಂದರೆ ಅವಳೊಬ್ಬಳ ಚಪಲ, ಗಂಡಸಿನ ಸಕ್ಕರೆಯೆಂದರೆ ಮನೆಯವರೆಲ್ಲರ ಪಥ್ಯ ಎಂಬ ಲೆಕ್ಕ ಯಾವ ಶಾಲೆಯದು? ನನ್ನ ಉತ್ಸಾಹ ಬತ್ತಿದ್ದು ಆ ಚೀಟಿಯ 78ರಿಂದಲ್ಲ ಎಂದು ಈಗ ಅನಿಸುತ್ತದೆ, ಆ ಒಂಟಿ ಬಟ್ಟಲಿನಿಂದ. ನಿನ್ನ ಮನೆಯಲ್ಲಿ ಹೇಗಿದೆಯೋ ನೀನು ಬರೆದಿಲ್ಲ, ಆದರೆ ನಿನ್ನ ಅಣ್ಣನ ಡಬ್ಬಿಗೆ ದಿನವೂ ಕರಿದದ್ದು ಬೇಕೇ ಬೇಕೆಂಬುದು ನನಗೆ ಗೊತ್ತಿದೆ.

ನೀನು ಕೇಳಿದ್ದು ಈಗ ಏನು ಮಾಡಲಿ ಎಂದು. ಅದನ್ನೇ ಮರೆತೆ ನೋಡು.

ರಾತ್ರಿ ಊಟ ಬಿಡಬೇಡ, ರೊಟ್ಟಿಯನ್ನೂ ಬಿಡಬೇಡ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಮೇಲೆ ಧಾರೆ ಹಾಕುವ ಎಣ್ಣೆಯನ್ನು ಮಾತ್ರ ಚಮಚದಲ್ಲಿ ಅಳೆ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 120 ಕ್ಯಾಲರಿ, ಕೈಯಿಂದ ಸುರಿದಾಗ ಅದು ಒಂದೋ ಮೂರೋ ಯಾರಿಗೂ ತಿಳಿಯುವುದಿಲ್ಲ. ಎರಡು ವಾರ ತಿಂದದ್ದನ್ನೆಲ್ಲ, ಆಫೀಸಿನ ಚಹಾದ ಸಕ್ಕರೆಯನ್ನೂ ಬಿಡದೆ, ಒಂದು ವಹಿಯಲ್ಲಿ ಬರೆದಿಡು. ಪ್ರತಿ ಊಟದಲ್ಲಿ ಮಡಕಿ ಕಾಳು, ಹೆಸರುಕಾಳು, ಮೊಸರು, ನೀನು ತಿನ್ನುವುದಾದರೆ ತತ್ತಿ, ಇವುಗಳಲ್ಲಿ ಒಂದಾದರೂ ಇರಲಿ. ಹೊಟ್ಟೆಯೂ ತಾಳುತ್ತದೆ, ಮಾಂಸಖಂಡವೂ ಉಳಿಯುತ್ತದೆ. ಬರಿಯ ನಡಿಗೆ ಸಾಲದು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ಇಲ್ಲವೇ ಕುಳಿತೇಳುವ ವ್ಯಾಯಾಮ ಮಾಡು. ನಮ್ಮ ಅವ್ವ ಬೀಸುಕಲ್ಲು ತಿರುವಿದಳು, ನಿನಗೆ ಅದಿಲ್ಲ.

ಮಷಿನ್ ಮೇಲೆ ದಿನಕ್ಕೆ ಮೂರು ಸಲ ಹತ್ತುವುದನ್ನು ನಿಲ್ಲಿಸು. ಉಪ್ಪಿನಕಾಯಿ ಹೆಚ್ಚು ತಿಂದರೆ, ತಿಂಗಳ ಮುಟ್ಟಿನ ದಿನಗಳು ಹತ್ತಿರ ಬಂದರೆ, ನೀರಿನಿಂದಲೇ ಒಂದೆರಡು ಕಿಲೋ ಹೆಚ್ಚು ತೋರಿಸುತ್ತದೆ. ಹತ್ತುವುದಾದರೆ ಬೆಳಿಗ್ಗೆ ಒಮ್ಮೆ, ಅದೂ ವಾರದ ಸರಾಸರಿ ಬರೆದುಕೊಳ್ಳುವುದಕ್ಕಾಗಿ. ಜೊತೆಗೆ ಸೊಂಟದ ಅಳತೆ ನೋಡು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರಿನ ಒಳಗಿರಬೇಕು ಎನ್ನುತ್ತಾರೆ, ಮುಳ್ಳು ನಿಂತಿರುವಾಗಲೂ ಟೇಪು ಒಮ್ಮೊಮ್ಮೆ ಇಳಿಯುತ್ತದೆ. ಕಳೆದ ಯುಗಾದಿಗೆ ನೀನು ನೃಪತುಂಗ ಬೆಟ್ಟವನ್ನು ಎಷ್ಟು ಕಡೆ ನಿಂತು ಹತ್ತಿದ್ದೆ, ಈಗ ಎಷ್ಟು ಕಡೆ ನಿಲ್ಲುವೆ, ಅದನ್ನೂ ವಹಿಯಲ್ಲಿ ಬರೆ. ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿದರೇ ಸಕ್ಕರೆ, ಬಿಪಿಗಳಿಗೆ ಒಳ್ಳೆಯದು. ನೀನು ಹನ್ನೊಂದು ದಾಟಿರುವೆ. ತೀರ ಬೇಸತ್ತಿದ್ದರೆ ಎರಡು ವಾರ ಇಳಿಸುವ ಗೊಡವೆ ಬಿಟ್ಟು ಈ 76ನ್ನೇ ಕಾಯ್ದುಕೊ, ಅದೂ ಒಂದು ಕೆಲಸವೇ. ಆಮೇಲೂ ಇನ್ನೊಂದು ತಿಂಗಳು ಹೀಗೆಯೇ ನಿಂತರೆ, ಇಲ್ಲವೇ ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಈಗಲೇ, ಡಾಕ್ಟರರಿಗೆ ತೋರಿಸಿ ಥೈರಾಯ್ಡ್ ಪರೀಕ್ಷೆ ಮಾಡಿಸು.

ನನ್ನ ಹೊಲಿಗೆ ಮಷಿನ್ನಿನ ಡ್ರಾವರಿನಲ್ಲಿ ಟೇಪು ಇದೆ. ಭಾನುವಾರ ಅವ್ವನನ್ನೂ ಅಣ್ಣನನ್ನೂ ಕರೆದುಕೊಂಡು ಚಿಗರಿ ಬಸ್ ಹತ್ತಿ ಬಾ. ಎರಡೆರಡು ರೊಟ್ಟಿ, ಮಡಕಿ ಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಮೊಸರು ಮಾಡಿರುತ್ತೇನೆ, ಎಲ್ಲರಿಗೂ ಅದೇ, ದೊಡ್ಡಪ್ಪನಿಗೂ ಅದೇ. ತಮ್ಮಾ, ನೀನೂ ಬರಬಹುದು, ಆದರೆ ಪೇಡೆ ತರಬೇಡ.